ಹೊಗೆಯೇ ಬರ್ತಿಲ್ಲ, ಎಮಿಷನ್ ಟೆಸ್ಟ್ ಹೇಗೆ ಫೇಲ್ ಆಯ್ತು?

"ಸರ್, ನಂದು 2017ರ ಪೆಟ್ರೋಲ್ ಕಾರು, ಬಿಎಸ್ 4. 62 ಸಾವಿರ ಕಿ.ಮೀ. ಓಡಿದೆ. ಎಂಜಿನ್ ಸ್ಮೂತ್ ಆಗಿದೆ, ಪಿಕಪ್ ಚೆನ್ನಾಗಿದೆ, ಸೈಲೆನ್ಸರ್‌ನಿಂದ ಒಂದು ಚೂರೂ ಹೊಗೆ ಬರಲ್ಲ. ಆದರೂ ಈ ವರ್ಷ ಎಮಿಷನ್ ಟೆಸ್ಟ್‌ನಲ್ಲಿ ಫೇಲ್ ಅಂದ್ರು. ಅವರ ಮಿಷನ್ನೇ ಸರಿ ಇಲ್ವಾ? ಬೇರೆ ಸೆಂಟರ್‌ಗೆ ಹೋಗಲಾ?"

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಊರು ಬೇರೆ, ಕಾರು ಬೇರೆ. 'ಹೊಗೆ ಬರಲ್ಲ' ಅನ್ನೋ ಸಾಲು ಮಾತ್ರ ಪ್ರತಿ ಸಲವೂ ಇದ್ದೇ ಇರುತ್ತದೆ. ಅದಕ್ಕೆ ಈ ಸಲ ನೇರ ಉತ್ತರ ಮೊದಲೇ ಹೇಳಿ, ಆಮೇಲೆ ಆ ಸಾಲಿಗೆ ಬರುತ್ತೇನೆ.

ನೀವು ಫೋಟೋ ತೆಗೆದು ಕಳಿಸಿದ ಚೀಟಿ ನೋಡಿದೆ. ಐಡ್ಲಿಂಗ್‌ನಲ್ಲಿ ಸಿಒ, ಅಂದರೆ ಕಾರ್ಬನ್ ಮಾನಾಕ್ಸೈಡ್, ಶೇ 1.3 ಇದೆ. ಬಿಎಸ್ 4 (ಭಾರತ್ ಸ್ಟೇಜ್, ಅಂದರೆ ಸರ್ಕಾರದ ಮಾಲಿನ್ಯ ನಿಯಮದ ನಾಲ್ಕನೇ ಹಂತ) ಪೆಟ್ರೋಲ್ ಕಾರಿಗೆ ಮಿತಿ ಶೇ 0.3. ಎಚ್‌ಸಿ, ಅಂದರೆ ಉರಿಯದೇ ಉಳಿದ ಪೆಟ್ರೋಲ್, 170 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 170 ಪಾಲು. ಮಿತಿ 200, ಅದು ಪಾಸ್. ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂ ಸುತ್ತಮುತ್ತ ನಿಲ್ಲಿಸಿ ನೋಡಿದಾಗ ಲ್ಯಾಂಬ್ಡಾ, ಅಂದರೆ ಬೇಕಾದ ಗಾಳಿಗೆ ಹೋಲಿಸಿದರೆ ಸಿಕ್ಕ ಗಾಳಿಯ ಪ್ರಮಾಣ, 0.96. ಅದು 0.97ರಿಂದ 1.03ರ ಒಳಗಿರಬೇಕು. ಈ ಮೂರೂ ಅಂಕಿ ಸೇರಿ ಒಂದೇ ಮಾತು ಹೇಳುತ್ತಿವೆ: ಒಳಗೆ ಹೋಗುವ ಗಾಳಿಗೆ ಬೇಕಾದ್ದಕ್ಕಿಂತ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಗ್ಯಾರೇಜ್ ಭಾಷೆಯಲ್ಲಿ ಮಿಕ್ಸ್ಚರ್ ರಿಚ್. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಅಷ್ಟು ಸಿಗದಿದ್ದರೆ ಪೆಟ್ರೋಲ್ ಅರೆಬರೆ ಉರಿಯುತ್ತದೆ. ಸಿಒ ಹುಟ್ಟುವುದು ಹೀಗೆ.

ಟೆಸ್ಟ್‌ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿದ್ದರೆ ಮಾತ್ರ ಇನ್ನೊಮ್ಮೆ ಮಾಡಿಸಿ. ಸೈಲೆನ್ಸರ್ ಲೈನಿನಲ್ಲಿದ್ದು ಈ ಕೆಟ್ಟ ಅನಿಲಗಳನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಮಾರು 300 ಡಿಗ್ರಿ ಕಾಯುವವರೆಗೆ ಸರಿಯಾಗಿ ಕೆಲಸ ಶುರು ಮಾಡುವುದಿಲ್ಲ. ಮನೆ ಪಕ್ಕದ ಬಂಕಿಗೆ ಎರಡು ನಿಮಿಷದಲ್ಲಿ ಹೋಗಿ ನಿಂತರೆ ಒಳ್ಳೇ ಕಾರೂ ಫೇಲ್ ಆಗಬಹುದು. 15–20 ನಿಮಿಷ ಓಡಿಸಿ, ಬಿಸಿಯಿರುವಾಗಲೇ ಪೈಪ್ ಹಾಕಿಸಿ. ಆಗಲೂ ಅದೇ ಅಂಕಿ ಬಂದರೆ ತೊಂದರೆ ಕಾರಿನಲ್ಲೇ ಇದೆ.

ಈಗ ಹೊಗೆಯ ವಿಷಯ.

ಈ ತಪ್ಪು ಕಲ್ಪನೆಗೆ ಅರ್ಧ ಕಾರಣ ನಮ್ಮ ಮಾತೇ ಅಂತ ನನಗೆ ಅನಿಸುತ್ತದೆ. ನಾವು 'ಹೊಗೆ ತಪಾಸಣೆ' ಅಂತೀವಿ, 'ಹೊಗೆ ಉಗುಳುವ ವಾಹನ' ಅಂತೀವಿ. ಹಾಗಾಗಿ ಹೊಗೆ ಕಂಡರೆ ಮಾಲಿನ್ಯ, ಕಾಣದಿದ್ದರೆ ಇಲ್ಲ ಅಂತ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಡೀಸೆಲ್ ಗಾಡಿಗೆ ಆ ಹೆಸರು ಒಪ್ಪುತ್ತದೆ. ಅದರ ಮಿಷನ್ ನಿಜಕ್ಕೂ ಹೊಗೆಯನ್ನೇ ನೋಡುತ್ತದೆ: ಹೊಗೆಯ ಮೂಲಕ ಬೆಳಕು ಹಾಯಿಸಿ, ಎಷ್ಟು ಬೆಳಕು ತಡೆಯಿತು ಅಂತ ಅಳೆಯುತ್ತದೆ. ಪೆಟ್ರೋಲ್ ಕಾರಿನ ಮಿಷನ್ ಹೊಗೆಯನ್ನು ನೋಡುವುದೇ ಇಲ್ಲ. ಅದು ಅಳೆಯುವುದು ಅನಿಲಗಳನ್ನು. ಸಿಒಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಕಿರಣವನ್ನು ಆ ಗಾಳಿಯೊಳಗೆ ಹಾಯಿಸಿದರೆ, ಒಂದು ನಿರ್ದಿಷ್ಟ ಅಲೆಯನ್ನು ಸಿಒ ಹೀರಿಕೊಳ್ಳುತ್ತದೆ. ಎಷ್ಟು ಹೀರಿತು ಅನ್ನೋದರಿಂದ ಶೇಕಡಾವಾರು ಸಿಗುತ್ತದೆ.

ಡಿಪ್ಲೊಮಾ ಹುಡುಗರಿಗೆ ಪಾಠ ಮಾಡುವಾಗ ಇದನ್ನು ಬಾಯಲ್ಲಿ ಹೇಳುವುದನ್ನು ನಾನು ಬಿಟ್ಟು ವರ್ಷಗಳಾದವು. ಲ್ಯಾಬಿನಲ್ಲಿ ಹಳೆಯದೊಂದು ಕಾರ್ಬ್ಯುರೇಟರ್ ಕಾರಿದೆ. ಅಂಗಳಕ್ಕೆ ತಂದು, ಬಿಸಿ ಮಾಡಿ, ಐಡ್ಲಿಂಗ್‌ನಲ್ಲಿ ಬಿಡುತ್ತೇನೆ. ಸೈಲೆನ್ಸರ್ ಬಾಯಿಗೆ ಬಿಳಿ ಕರ್ಚೀಫ್ ಹಿಡಿಯಲು ಒಬ್ಬ ಹುಡುಗನಿಗೆ ಹೇಳುತ್ತೇನೆ. ಅನಲೈಸರ್ ಸಿಒ ಶೇ 1.5 ತೋರಿಸುತ್ತದೆ. ಪೆಟ್ರೋಲ್ ಜಾಸ್ತಿ ಹೋಗಲಿ ಅಂತ ಮಿಕ್ಸ್ಚರ್ ಸ್ಕ್ರೂ ಸ್ವಲ್ಪ ಬಿಚ್ಚುತ್ತೇನೆ. ಅಂಕಿ ಏರುತ್ತಾ ಹೋಗಿ 4 ದಾಟುತ್ತದೆ. ಕರ್ಚೀಫ್ ನೋಡಿದರೆ ಬೆಳ್ಳಗೇ ಇದೆ, ಒಂಚೂರು ಒದ್ದೆ ಅಷ್ಟೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಆಗ ಕೇಳುತ್ತೇನೆ, "ಎಂಜಿನ್ ಸದ್ದು ಹೇಗಿದೆ ಹೇಳ್ರೋ." ಯಾರಾದರೂ ಒಬ್ಬ ಹೇಳೇ ಹೇಳುತ್ತಾನೆ, "ಸರ್, ಮೊದಲಿಗಿಂತ ಸ್ಮೂತ್ ಆಗಿದೆ." ಅಲ್ಲಿಗೆ ಪಾಠ ಅವರ ತಲೆಗೆ ಇಳಿಯಿತು ಅಂತ ನನಗೆ ಗೊತ್ತಾಗುತ್ತದೆ.

ಆ ಹುಡುಗ ಹೇಳಿದ್ದು ನಿಜ. ಸ್ವಲ್ಪ ರಿಚ್ ಆದರೆ ಪೆಟ್ರೋಲ್ ಎಂಜಿನ್ ನಯವಾಗಿ ಓಡುತ್ತದೆ, ಎಳೆತವೂ ಜಾಸ್ತಿ. 'ಪಿಕಪ್ ಚೆನ್ನಾಗಿದೆ, ಸ್ಮೂತ್ ಆಗಿದೆ' ಅನ್ನೋದನ್ನು ನೀವು ಕಾರಿನ ಪರವಾಗಿ ಸಾಕ್ಷಿ ಹೇಳಿಸುತ್ತಿದ್ದೀರಿ. ಅದು ಸಾಕ್ಷಿಯೇ ಅಲ್ಲ. ಬೇಕಾದರೆ ಮೈಲೇಜ್ ಲೆಕ್ಕ ಹಾಕಿ ನೋಡಿ, ಅದು ಇಳಿದಿರುತ್ತದೆ.

ಹಾಗಾದರೆ ಕಣ್ಣಿಗೆ ಕಾಣುವ ಹೊಗೆಗೆ ಅರ್ಥವೇ ಇಲ್ವಾ? ಇದೆ. ನೀಲಿ ಇದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಕಪ್ಪಿದ್ದರೆ ರಿಚ್ ಆಗುವುದು ಮಿತಿ ಮೀರಿ ಹೋಗಿದೆ. ಬೆಳಿಗ್ಗೆ ಬರುವ ತೆಳು ಬಿಳಿ ಹಬೆ, ಪೈಪಿನಿಂದ ತೊಟ್ಟಿಕ್ಕುವ ನೀರು, ಇವಕ್ಕೆ ಹೆದರಬೇಡಿ: ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಿದ್ದು, ಕೂಲಂಟ್ ಕಡಿಮೆಯಾಗುತ್ತಿದ್ದರೆ ಮಾತ್ರ ಬೇಗ ತೋರಿಸಿ.

ಇನ್ನು ನಿಮ್ಮ ಕಾರು. ದಯವಿಟ್ಟು ಪೆಟ್ರೋಲ್ ಟ್ಯಾಂಕಿಗೆ ಸುರಿಯುವ ಕ್ಲೀನರ್ ಬಾಟಲಿ ತರಬೇಡಿ. ಕೆಟ್ಟ ಸೆನ್ಸರನ್ನು ಯಾವ ಬಾಟಲಿಯೂ ರಿಪೇರಿ ಮಾಡುವುದಿಲ್ಲ. ಏರ್ ಫಿಲ್ಟರ್ ಬದಲಿಸಿ ಅಂತ ಎಲ್ಲರೂ ಹೇಳುತ್ತಾರೆ. ಬದಲಿಸಿ, ಒಳ್ಳೆಯದೇ. ಆದರೆ ಫಿಲ್ಟರ್ ಕಟ್ಟಿ ರಿಚ್ ಆಗುವುದು ಕಾರ್ಬ್ಯುರೇಟರ್ ಕಾಲದ ಕತೆ. ಈಗಿನ ಕಾರಿನ ಕಂಪ್ಯೂಟರ್ ಗಾಳಿಗೆ ತಕ್ಕಂತೆ ಪೆಟ್ರೋಲ್ ಇಳಿಸಿಕೊಳ್ಳುತ್ತದೆ. ಸ್ಪಾರ್ಕ್ ಪ್ಲಗ್ ಬಗ್ಗೆಯೂ ಸದ್ಯಕ್ಕೆ ಚಿಂತೆ ಬೇಡ. ಅದು ಕೆಟ್ಟಿದ್ದರೆ ಎಚ್‌ಸಿ ಏರಬೇಕಿತ್ತು. ನಿಮ್ಮದರಲ್ಲಿ ಏರಿಲ್ಲ. ಮೊದಲು ಸ್ಕ್ಯಾನರ್ ಹಾಕಿಸಿ, ಸೈಲೆನ್ಸರ್ ಲೈನಿನಲ್ಲಿ ಆಮ್ಲಜನಕ ಎಷ್ಟಿದೆ ಅಂತ ಕಂಪ್ಯೂಟರ್‌ಗೆ ತಿಳಿಸುವ ಆಕ್ಸಿಜನ್ ಸೆನ್ಸರ್ ಏನು ಹೇಳುತ್ತಿದೆ ನೋಡಿ. ಹಳೆಯದಾದರೆ ಅದು ಮಂಕಾಗುತ್ತದೆ, ಚೆಕ್ ಎಂಜಿನ್ ಲೈಟ್ ಹತ್ತದೆಯೂ ಇರಬಹುದು. ಆಮೇಲೆ ಥರ್ಮೋಸ್ಟಾಟ್, ಅಂದರೆ ಕೂಲಂಟ್ ಹರಿವನ್ನು ನಿಯಂತ್ರಿಸುವ ವಾಲ್ವ್. ಅದು ತೆರೆದೇ ಸಿಕ್ಕಿಕೊಂಡಿದ್ದರೆ ಎಂಜಿನ್ ಪೂರ್ತಿ ಕಾಯುವುದೇ ಇಲ್ಲ. ಇನ್ನೂ ಚಳಿ ಇದೆ ಅಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಕೊಡುತ್ತಾ ಹೋಗುತ್ತದೆ. ಮೂರನೆಯದು ಎಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಸೋರುತ್ತಿರುವುದು. ಈ ಮೂರನ್ನೂ ನೋಡದೆ ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸಿ ಅಂದರೆ ಒಪ್ಪಬೇಡಿ. ಅದರೊಳಗೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಇರುತ್ತದೆ, ಬೆಲೆ ಹಾಗೇ ಇರುತ್ತದೆ. ಕಾರಣ ಉಳಿಸಿಕೊಂಡು ಹೊಸದು ಹಾಕಿದರೆ ಅದೂ ಹಾಳಾಗುತ್ತದೆ.

ಅವಧಿಯನ್ನೂ ಹೇಳಿಬಿಡುತ್ತೇನೆ. ಹೊಸ ಗಾಡಿಗೆ ನೋಂದಣಿಯಾಗಿ ಒಂದು ವರ್ಷ ಎಮಿಷನ್ ಟೆಸ್ಟ್ ಬೇಕಿಲ್ಲ. ಆಮೇಲೆ ಬಿಎಸ್ 4, ಬಿಎಸ್ 6 ಗಾಡಿಗೆ ವರ್ಷಕ್ಕೊಮ್ಮೆ, ಅದಕ್ಕೂ ಹಳೆಯದಕ್ಕೆ ಆರು ತಿಂಗಳಿಗೊಮ್ಮೆ.

ನೀವು ಕೇಳದ ಒಂದು ವಿಷಯ ಉಳಿದಿದೆ. ನಿಮ್ಮ ಪತ್ರದ ಕೊನೆಯಲ್ಲಿ ಬರೆದಿದ್ದೀರಿ: "ದಿನಾ ಬೆಳಿಗ್ಗೆ ಮನೆ ಕೆಳಗಿನ ಗ್ಯಾರೇಜಿನಲ್ಲೇ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡ್ತೀನಿ, ಎಂಜಿನ್ ಚೆನ್ನಾಗಿ ನೋಡಿಕೊಂಡಿದೀನಿ." ಇದನ್ನು ಓದಿ ನನಗೆ ಟೆಸ್ಟ್ ಮರೆತೇಹೋಯಿತು.

ಹಳೇ ಮನೆಗಳಲ್ಲಿ ಬಾಣಂತಿ ಕೋಣೆಗೆ ಅಗ್ಗಿಷ್ಟಿಕೆ ಇಡುತ್ತಿದ್ದರು. ನಮ್ಮಜ್ಜಿ ಕೆಂಡ ನಿಗಿನಿಗಿ ಆಗಿ ಹೊಗೆ ಪೂರ್ತಿ ಹೋದ ಮೇಲೇ ಒಳಗೆ ತರುತ್ತಿದ್ದಳು. ಆದರೂ ಬಾಗಿಲು ಒಂದು ಗೇಣು ತೆರೆದಿಡಿ ಅನ್ನುತ್ತಿದ್ದಳು. ಹೊಗೆಯಿಲ್ಲದ ಆ ಕೆಂಡದಿಂದ ಬರುವುದೂ ಇದೇ ಸಿಒ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಉಸಿರಾಡುವ ಗಾಳಿಯಲ್ಲಿ 400 ಪಿಪಿಎಂ ಇದ್ದರೆ ಒಂದೆರಡು ಗಂಟೆಯಲ್ಲಿ ತಲೆನೋವು. 1,600 ಇದ್ದರೆ 20 ನಿಮಿಷದಲ್ಲೇ ತಲೆಸುತ್ತು, ವಾಕರಿಕೆ. ಅಲ್ಲೇ ಇದ್ದರೆ ಜೀವಕ್ಕೇ ಅಪಾಯ. ಈಗ ನಿಮ್ಮ ಚೀಟಿ ಮತ್ತೆ ನೋಡಿ. ಶೇ 1.3 ಅಂದರೆ 13,000 ಪಿಪಿಎಂ. ಅದು ಎಂಜಿನ್ ಬಿಸಿಯಿದ್ದಾಗಿನ ಅಂಕಿಯಾದರೆ, ತಣ್ಣಗಿರುವ ಮೊದಲ ನಿಮಿಷಗಳಲ್ಲಿ ಇನ್ನೂ ಜಾಸ್ತಿ. ಪಾಸ್ ಆದ ಕಾರೂ ಮುಚ್ಚಿದ ಜಾಗದಲ್ಲಿ ಸುರಕ್ಷಿತ ಅಲ್ಲ: ಮಿತಿಯಾದ ಶೇ 0.3 ಕೂಡ 3,000 ಪಿಪಿಎಂ.

ಹತ್ತು ನಿಮಿಷ ಎಂಜಿನ್‌ಗೂ ಬೇಕಿಲ್ಲ. ಅರ್ಧ ನಿಮಿಷ ಸಾಕು, ಆಮೇಲೆ ನಿಧಾನವಾಗಿ ಓಡಿಸಿದರೆ ತಾನೇ ಕಾಯುತ್ತದೆ. ನಾಳೆಯಿಂದ ಮೊದಲು ಶಟರ್ ಎತ್ತಿ, ಆಮೇಲೆ ಕೀ ತಿರುಗಿಸಿ, ಕೂಡಲೇ ಕಾರನ್ನು ರಸ್ತೆಗೆ ತನ್ನಿ. ಮಕ್ಕಳನ್ನು ಹತ್ತಿಸುವುದು, ಬ್ಯಾಗ್ ಇಡುವುದು ಎಲ್ಲ ಅಲ್ಲಿ. ರಾತ್ರಿ ರಿವರ್ಸ್‌ನಲ್ಲಿ ನಿಲ್ಲಿಸುವ ಅಭ್ಯಾಸ ಇದ್ದರೆ ಸೈಲೆನ್ಸರ್ ಬಾಯಿ ಯಾವ ಕಡೆಗಿದೆ ಅಂತ ಇವತ್ತೇ ಹೋಗಿ ನೋಡಿ. ತುಂಬಾ ಮನೆಗಳಲ್ಲಿ ಅದು ನೇರ ಅಡುಗೆಮನೆಯ ಕಿಟಕಿಗೇ ಇರುತ್ತದೆ.