ಜಾಫ್ನಾಕ್ಕೆ ಹೋದ ಸೇನೆಗೆ ಯಜಮಾನ ಯಾರು?

1987ರ ಜೂನ್ 4ರಂದು ಬೆಂಗಳೂರಿನಿಂದ ವಾಯುಪಡೆಯ ಐದು ಎಎನ್-32 ವಿಮಾನಗಳು ಹೊರಟವು. ಒಳಗಿದ್ದದ್ದು ದಿನಸಿ, ಔಷಧಿ. ಜತೆಗೆ ಒಂದಷ್ಟು ಪತ್ರಕರ್ತರು. ಕಾವಲಿಗೆ ಮಿರಾಜ್ ಯುದ್ಧವಿಮಾನಗಳು. ಹಿಂದಿನ ದಿನ ರಾಮೇಶ್ವರದಿಂದ ಹೋದ ದೋಣಿಗಳನ್ನು ಶ್ರೀಲಂಕಾ ನೌಕಾಪಡೆ ವಾಪಸ್ ಕಳಿಸಿತ್ತು. ಹಾಗಾಗಿ ಈ ಸಲ ಲಂಕಾ ಸೇನೆಯ ಮುತ್ತಿಗೆಯಲ್ಲಿದ್ದ ಉತ್ತರದ ತಮಿಳರ ಊರು ಜಾಫ್ನಾದ ಮೇಲೆ ಆಕಾಶದಿಂದಲೇ ಸಾಮಾನು ಸುರಿದರು. ಸುಮಾರು 25 ಟನ್. ಲಕ್ಷಾಂತರ ಜನರ ಹಸಿವಿಗೆ ಅದು ಯಾವ ಮೂಲೆಗೂ ಸಾಲದು. ಆದರೆ ಕೊಲಂಬೊಗೆ ಮುಟ್ಟಬೇಕಿದ್ದ ಮಾತು ಮುಟ್ಟಿತು.

ಎರಡು ತಿಂಗಳೊಳಗೆ, ಜುಲೈ 29ಕ್ಕೆ, ರಾಜೀವ್ ಗಾಂಧಿ ಮತ್ತು ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ಮರುದಿನ ಗೌರವ ವಂದನೆಯ ಸಾಲಿನಲ್ಲಿದ್ದ ಲಂಕಾ ನಾವಿಕನೊಬ್ಬ ರಾಜೀವ್‌ಗೆ ಬಂದೂಕಿನ ಹಿಡಿಯಿಂದ ಹೊಡೆದ. ಅಷ್ಟು ಹೊತ್ತಿಗೆ ಭಾರತದ ಶಾಂತಿಪಾಲನಾ ಪಡೆ, ಅಂದರೆ ಐಪಿಕೆಎಫ್, ಜಾಫ್ನಾದಲ್ಲಿ ಇಳಿಯತೊಡಗಿತ್ತು.

ಅದು ಹೋದದ್ದು ಯುದ್ಧಕ್ಕಲ್ಲ, ತಮಿಳು ಉಗ್ರರಿಂದ ಶಸ್ತ್ರ ವಾಪಸ್ ಪಡೆಯುವುದಕ್ಕೆ. ಆದರೆ ಅವರಲ್ಲಿ ಮುಖ್ಯ ಗುಂಪಾದ ಎಲ್‌ಟಿಟಿಇ, ಅಂದರೆ ‘ಪುಲಿ’ಗಳ (ಹುಲಿಗಳ) ಜತೆ ವ್ಯವಹರಿಸುತ್ತಿದ್ದವರು ಒಬ್ಬರಲ್ಲ. 1983ರಿಂದ ತಮಿಳು ಗುಂಪುಗಳಿಗೆ ತರಬೇತಿ ಕೊಟ್ಟಿದ್ದು ಗುಪ್ತಚರ ಸಂಸ್ಥೆ ರಾ. ಮದ್ರಾಸಿನಲ್ಲಿ ಮುಖ್ಯಮಂತ್ರಿ ಎಂಜಿಆರ್ ಕೈಬಿಚ್ಚಿ ಹಣ ಕೊಡುತ್ತಿದ್ದರು. ಕೊಲಂಬೊದಲ್ಲಿ ಹೈಕಮಿಷನರ್ ಜೆ.ಎನ್. ದೀಕ್ಷಿತ್ ಒಪ್ಪಂದದ ಗಾಡಿ ಎಳೆಯುತ್ತಿದ್ದರು. ದೆಹಲಿಯಲ್ಲಿ ಸೇನಾ ಮುಖ್ಯಸ್ಥ ಜನರಲ್ ಸುಂದರ್‌ಜಿ. ಪುಲಿಗಳು ತಿರುಗಿಬಿದ್ದರೆ ಎರಡು ವಾರದಲ್ಲಿ ಮುಗಿಸುತ್ತೇವೆ ಎಂದು ಅವರು ಭರವಸೆ ಕೊಟ್ಟಿದ್ದರಂತೆ. ಇದನ್ನು ಆಮೇಲೆ ಬರೆದವರು ದೀಕ್ಷಿತ್. ಇವರೆಲ್ಲರನ್ನೂ ದಿನಾ ಒಂದೇ ಮೇಜಿನ ಸುತ್ತ ಕೂರಿಸುವ ರಾಷ್ಟ್ರೀಯ ಭದ್ರತಾ ಸಲಹೆಗಾರ ಎಂಬ ಹುದ್ದೆಯೇ ಆಗ ಇರಲಿಲ್ಲ. ಅದು ಬಂದದ್ದು 1998ರಲ್ಲಿ.

ಮೇಜಿಲ್ಲದಿದ್ದರೆ ಏನಾಗುತ್ತದೆ? ಜಾಫ್ನಾದಲ್ಲಿದ್ದ ಮೇಜರ್ ಜನರಲ್ ಹರ್ಕಿರತ್ ಸಿಂಗ್ ಬರೆದದ್ದನ್ನು ಓದಿ. ಸೆಪ್ಟೆಂಬರ್‌ನಲ್ಲಿ ಪುಲಿಗಳ ನಾಯಕ ಪ್ರಭಾಕರನ್ ಮಾತುಕತೆಗೆ ಬರುವುದಿತ್ತು. ಬಂದಾಗ ಹಿಡಿಯಿರಿ, ಇಲ್ಲವೇ ಗುಂಡು ಹೊಡೆಯಿರಿ ಎಂದು ದೀಕ್ಷಿತ್ ಫೋನಿನಲ್ಲಿ ಹೇಳಿದರಂತೆ. ಮಾತಿಗೆ ಕರೆದವನನ್ನು ಕೊಲ್ಲುವುದು ಸೈನಿಕರ ಕೆಲಸವಲ್ಲ ಎಂದು ಇವರು ಒಪ್ಪಲಿಲ್ಲ. ಸರಿ ಯಾರು, ತಪ್ಪು ಯಾರು ಎಂಬ ಜಗಳ ಇವತ್ತಿಗೂ ಇದೆ. ನನಗೆ ಅದಕ್ಕಿಂತ ವಿಚಿತ್ರ ಅನಿಸುವುದು, ಇಂಥ ಮಾತು ಒಂದು ಫೋನ್ ಕರೆಯಲ್ಲಿ ಬಂದು ಹೋಯಿತು ಅನ್ನುವುದು.

ಮುಂದಿನದೆಲ್ಲ ಬೇಗ ಬೇಗ ನಡೆಯಿತು. ಲಂಕಾ ನೌಕಾಪಡೆ 17 ಪುಲಿಗಳನ್ನು ಹಿಡಿದು ಕೊಲಂಬೊಗೆ ಒಯ್ಯಲು ಹಟ ಹಿಡಿಯಿತು. ಅದನ್ನು ತಪ್ಪಿಸಲು ದೀಕ್ಷಿತ್ ಮಾಡಿದ ಪ್ರಯತ್ನ ಫಲಿಸಲಿಲ್ಲ. ಅಕ್ಟೋಬರ್ 5ರಂದು ಸೆರೆಸಿಕ್ಕಿದ್ದ ಪುಲಿಗಳು ಸಯನೈಡ್ ನುಂಗಿದರು, 12 ಮಂದಿ ಸತ್ತರು. ಅಲ್ಲಿಗೆ ಒಪ್ಪಂದ ಕಾಗದದಲ್ಲಷ್ಟೇ ಉಳಿಯಿತು. 10ರಂದು ಪುಲಿಗಳ ವಿರುದ್ಧ ಭಾರತದ ಸೇನಾ ಕಾರ್ಯಾಚರಣೆ, ಆಪರೇಷನ್ ಪವನ್, ಶುರು. ಮರುರಾತ್ರಿ ಪ್ರಭಾಕರನ್‌ನನ್ನು ಹಿಡಿಯಲು ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ಹೆಲಿಕಾಪ್ಟರ್‌ಗಳಲ್ಲಿ ಸೈನಿಕರು ಇಳಿದರು. ನಮ್ಮ ರೇಡಿಯೊ ಮಾತು ಕದ್ದು ಕೇಳಿದ್ದ ಪುಲಿಗಳು ಆಗಲೇ ಕಾದು ಕೂತಿದ್ದರು. 13ನೇ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜವಾನರಲ್ಲಿ 29 ಮಂದಿ ಸತ್ತರು. ಉಳಿದ ಒಬ್ಬ ಸೆರೆಸಿಕ್ಕ.

ಎರಡು ವಾರದ ಕೆಲಸ ಎರಡೂವರೆ ವರ್ಷ ಎಳೆಯಿತು. ಸುಮಾರು 1,200 ಸೈನಿಕರ ಜೀವ ಹೋಯಿತು. ಜಾಫ್ನಾದ ಸಾಮಾನ್ಯ ತಮಿಳರೂ ತುಂಬಾ ಜನ ಸತ್ತರು, ಆಸ್ಪತ್ರೆಯೊಳಗೂ ಸತ್ತರು. ಈ ನಡುವೆ ರಾಜಕೀಯವೇ ತಲೆಕೆಳಗಾಗಿತ್ತು. ಕೊಲಂಬೊದಲ್ಲಿ ಅಧ್ಯಕ್ಷರಾದ ಪ್ರೇಮದಾಸ ಭಾರತದ ಸೇನೆಗೆ ಗಡುವು ಕೊಟ್ಟರು. ಅಷ್ಟೇ ಅಲ್ಲ, ಅದರ ವಿರುದ್ಧ ಕಾದಾಡಲು ಪುಲಿಗಳಿಗೇ ಶಸ್ತ್ರ ಕೊಟ್ಟರು! ದೆಹಲಿಯಲ್ಲಿ ವಿ.ಪಿ. ಸಿಂಗ್ ಬಂದರು, ಸೇನೆಯನ್ನು ವಾಪಸ್ ಕರೆಸಿದರು.

1990ರ ಮಾರ್ಚ್ 24ರಂದು ಕೊನೆಯ ತುಕಡಿ ಟ್ರಿಂಕೋಮಲಿ ಬಿಟ್ಟಿತು. ಮದ್ರಾಸಿನಲ್ಲಿ ಸೈನಿಕರನ್ನು ಸ್ವಾಗತಿಸಲು ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ.