ಶೋರೂಮಿನ ಆಕ್ಸೆಸರೀಸ್ ಪಟ್ಟಿ: ಯಾವುದಕ್ಕೆ ಬೇಡ ಅನ್ನಬೇಕು?

ಪ್ರಶ್ನೆ: ದಾವಣಗೆರೆಯಲ್ಲಿ ಹೊಸ ಪೆಟ್ರೋಲ್ ಕಾರು ಬುಕ್ ಮಾಡಿದ್ದೇವೆ. ಶೋರೂಮಿನವರು 46,000 ರೂಪಾಯಿಯ ಆಕ್ಸೆಸರೀಸ್ ಪಟ್ಟಿ ಕೊಟ್ಟಿದ್ದಾರೆ. ಅಂಡರ್‌ಬಾಡಿ ಕೋಟಿಂಗ್, ಸೆರಾಮಿಕ್ ಕೋಟಿಂಗ್, 7ಡಿ ಮ್ಯಾಟ್, ಸೀಟ್ ಕವರ್, ಬಂಪರ್ ಗಾರ್ಡ್, ಕ್ರೋಮ್ ಪಟ್ಟಿ, ಬಣ್ಣದ ಲೈಟುಗಳು ಎಲ್ಲ ಅದರಲ್ಲಿವೆ. ಆನ್‌ಲೈನ್‌ನಲ್ಲಿ ಮೈಲೇಜ್ ಹೆಚ್ಚಿಸುವ ಪ್ಲಗ್, ಕಾರಿನ ಏರ್ ಪ್ಯೂರಿಫೈಯರ್ ಕೂಡ ನೋಡಿಟ್ಟಿದ್ದೇವೆ. ವಾರಕ್ಕೊಮ್ಮೆ ಜಗಳೂರು ಕಡೆ ಹೊಲಕ್ಕೆ, ತಿಂಗಳಿಗೊಮ್ಮೆ ಬೆಂಗಳೂರಿಗೆ ಓಡಾಟ. ಯಾವುದನ್ನು ತಗೊಳ್ಳಬೇಕು, ಯಾವುದನ್ನು ಬಿಡಬೇಕು?

ಉತ್ತರ: ಮಡ್ ಫ್ಲಾಪ್ ತಗೊಳ್ಳಿ, ನಿಮ್ಮ ಮಾಡೆಲ್ಲಿಗೇ ಮಾಡಿದ ಒಂದು ಜೊತೆ ರಬ್ಬರ್ ಮ್ಯಾಟ್ ತಗೊಳ್ಳಿ. ಉಳಿದದ್ದಕ್ಕೆಲ್ಲ ಗೆರೆ ಎಳೆದುಬಿಡಿ. ಆಕ್ಸೆಸರೀಸ್ ತಗೊಂಡರಷ್ಟೇ ಡೆಲಿವರಿ ಎಂದು ಯಾರಾದರೂ ಅಂದರೆ ಅದನ್ನು ಬರವಣಿಗೆಯಲ್ಲಿ ಕೊಡಿ ಅನ್ನಿ, ಮಾತು ಅಲ್ಲಿಗೆ ಮುಗಿಯುತ್ತದೆ. ಬೇಕೇಬೇಕಾದವು ಕಾರಿನ ಜೊತೆಗೇ ಬರುತ್ತವೆ. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಅತಿ ಸುರಕ್ಷಿತ ನಂಬರ್ ಪ್ಲೇಟ್ ಕಡ್ಡಾಯ. ಅದೇ ವರ್ಷದ ಜುಲೈ 1ರಿಂದ ಹಿಂದಿನ ಪಾರ್ಕಿಂಗ್ ಸೆನ್ಸರ್, ಸೀಟ್ ಬೆಲ್ಟ್ ಎಚ್ಚರಿಕೆ, 80 ಕಿ.ಮೀ. ದಾಟಿದರೆ ಕೂಗುವ ಬೀಪ್ ಕೂಡ ಕಡ್ಡಾಯವಾದವು. ಪಟ್ಟಿಯಲ್ಲಿ ಪಾರ್ಕಿಂಗ್ ಸೆನ್ಸರ್ ಅಂತ ಬೇರೆ ದುಡ್ಡು ಬರೆದಿದ್ದರೆ ಯಾವ ಸೆನ್ಸರ್ ಅಂತ ಕೇಳಿ.

ಪಟ್ಟಿಯಲ್ಲಿ ಹೆಚ್ಚು ದುಡ್ಡು ತಿನ್ನುವವು ಎರಡು ಕೋಟಿಂಗುಗಳು. ಅಂಡರ್‌ಬಾಡಿ ಕೋಟಿಂಗಿಗೆ ಅರ್ಥ ಇರುವುದು ಕಾರವಾರ, ಮಂಗಳೂರಿನಂಥ ಉಪ್ಪುಗಾಳಿಯ ಊರುಗಳಲ್ಲಿ. ನಮ್ಮದು ಒಣ ಸೀಮೆ. ಈಗಿನ ಕಾರುಗಳ ಬಾಡಿಯನ್ನು ಫ್ಯಾಕ್ಟರಿಯಲ್ಲೇ ಪೇಂಟಿನ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ ಸಂದುಗೊಂದಿಗೂ ಪದರ ಕೂರಿಸಿರುತ್ತಾರೆ. ತಳದ ಬೆಸುಗೆಗಳಿಗೆ ಸೀಲರ್ ಕೂಡ ಬಿದ್ದಿರುತ್ತದೆ. ಅದರ ಮೇಲೆ ಡಾಂಬರಿನಂಥ ರಬ್ಬರ್ ಕೋಟಿಂಗ್ ಸಿಂಪಡಿಸುವಾಗ ಅವಸರದ ಕೈ ಬಾಗಿಲ ಕೆಳಗಿನ ಮತ್ತು ಕಾಲಿಟ್ಟು ಹತ್ತುವ ಅಂಚಿನ ನೀರು ಸೋರುವ ತೂತುಗಳನ್ನು ಮುಚ್ಚಿಬಿಡುತ್ತದೆ. ಮಳೆ ನೀರು ಒಳಗೇ ನಿಂತು ತುಕ್ಕು ಒಳಗಿನಿಂದ ಶುರುವಾಗುತ್ತದೆ. ತುಕ್ಕು ಬರಬಾರದು ಅಂತ ಕೊಟ್ಟ ದುಡ್ಡೇ ತುಕ್ಕು ತರುತ್ತದೆ. ನಿಮ್ಮ ಕಾರಿನ ಬಾಗಿಲ ತಳದ ಅಂಚಿನಲ್ಲಿ ಕೈ ಆಡಿಸಿ ನೋಡಿ, ಬೆಂಡೆ ಬೀಜದಷ್ಟು ಅಗಲದ ಸೀಳುಗಳು ಸಿಗುತ್ತವೆ. ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ಒಂದು ಕಡ್ಡಿಯಿಂದ ಅವುಗಳ ಎರೆಮಣ್ಣು ತೆಗೆದರೆ ಸಾವಿರಾರು ರೂಪಾಯಿಯ ಕೋಟಿಂಗಿಗಿಂತ ಹೆಚ್ಚಿನ ರಕ್ಷಣೆ.

ಜಗಳೂರು ದಾರಿ ಅಂದಿರಿ, ಆದ್ದರಿಂದ ತಳದ ಬಗ್ಗೆ ಇನ್ನೊಂದು ಮಾತು. ಸುಗ್ಗಿಯಲ್ಲಿ ರಸ್ತೆ ಮೇಲೇ ರಾಗಿ, ಹುರುಳಿ ಹರವಿ ಒಕ್ಕಣೆ ಮಾಡುತ್ತಾರೆ. ಹುರುಳಿ ಬಳ್ಳಿ ಹಗ್ಗದಂತೆ ಆಕ್ಸಲ್ಲಿಗೆ ಸುತ್ತಿಕೊಂಡು, ಸೈಲೆನ್ಸರ್ ಬಿಸಿಗೆ ಹೊತ್ತಿಕೊಂಡು ಕಾರುಗಳು ಸುಟ್ಟ ಘಟನೆಗಳು ನಮ್ಮ ರಾಜ್ಯದಲ್ಲಿ ಆಗಿವೆ. ಇದನ್ನು ತಡೆಯುವ ಯಾವ ಆಕ್ಸೆಸರಿಯೂ ಇಲ್ಲ. ಒಕ್ಕಣೆ ಇದ್ದರೆ ಸುತ್ತು ದಾರಿ ಹಿಡಿಯಿರಿ. ಹಾಯಲೇಬೇಕಾದರೆ ದಾಟಿದ ಕೂಡಲೇ ಬರಿ ನೆಲದ ಮೇಲೆ ನಿಲ್ಲಿಸಿ, ಎಂಜಿನ್ ಆರಿಸಿ, ಟಾರ್ಚ್ ಹಿಡಿದು ನಾಲ್ಕೂ ಚಕ್ರದ ಒಳಬದಿ ನೋಡಿ. ಸಿಕ್ಕಿಕೊಂಡ ಬಳ್ಳಿಯನ್ನು ಕೋಲಿನಿಂದ ಎಳೆದು ಹಾಕಿ. ಒಣಹುಲ್ಲಿನ ಮೇಲೆ ಮಾತ್ರ ನಿಲ್ಲಿಸಬೇಡಿ.

ಸೆರಾಮಿಕ್ ಕೋಟಿಂಗ್ ಮಾರುವಾಗ ‘9ಎಚ್ ಗಟ್ಟಿತನ’ ಅನ್ನುತ್ತಾರೆ. ಆ 9ಎಚ್ ಪೆನ್ಸಿಲ್ ಪರೀಕ್ಷೆಯ ಅಳತೆ. 9ಎಚ್ ಪೆನ್ಸಿಲ್ ಗೀಚಿದರೆ ಗೀರು ಬೀಳುವುದಿಲ್ಲ ಎಂದಷ್ಟೇ ಅದರ ಅರ್ಥ. ನಮ್ಮ ಧೂಳಿನಲ್ಲಿರುವ ಮರಳಿನ ಕಣ ಪೆನ್ಸಿಲ್ಲಿಗಿಂತ ಎಷ್ಟೋ ಗಟ್ಟಿ. ಕೋಟಿಂಗ್ ಆದ ಮೇಲೆ ನೀರು ಚೆನ್ನಾಗಿ ಜಾರುತ್ತದೆ, ತೊಳೆಯುವುದು ಸುಲಭ, ಅದು ನಿಜ. ಆದರೆ ಗೀರು ಬೀಳುವುದು ತಪ್ಪುವುದಿಲ್ಲ. ಗೀರು ಬೀಳುವುದು ಬೆಳಗ್ಗೆ ಎದ್ದು ಒಣ ಬಟ್ಟೆಯಲ್ಲಿ ಧೂಳು ಒರೆಸುವುದರಿಂದ. ಒಣ ಧೂಳಿನ ಮೇಲೆ ಬಟ್ಟೆ ಎಳೆಯುವುದೆಂದರೆ ಪೇಂಟಿಗೆ ಉಪ್ಪುಕಾಗದ ತಿಕ್ಕಿದ ಹಾಗೆ. ಮೊದಲು ಬರಿ ನೀರು ಹಾಯಿಸಿ ಧೂಳು ಇಳಿಸಿ. ಆಮೇಲೆ ಒಂದು ಬಕೆಟ್ಟಿನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿ ನೀರು ಇಟ್ಟುಕೊಂಡು, ಛಾವಣಿಯಿಂದ ಕೆಳಕ್ಕೆ ಬನ್ನಿ. ಬಾಗಿಲಿನ ಕೆಳಭಾಗಕ್ಕೂ ಚಕ್ರಕ್ಕೂ ಬೇರೆ ಬಟ್ಟೆ. ನಾಲ್ಕು ಮೈಕ್ರೋಫೈಬರ್ ಬಟ್ಟೆ ಮತ್ತು ಒಂದು ಶಾಂಪೂ ಬಾಟಲಿ 700 ರೂಪಾಯಿಯೊಳಗೆ ಬರುತ್ತವೆ.

ಇದೇ ಕಾರಣಕ್ಕೆ ಬಾಡಿ ಕವರ್ ಕೂಡ ಬೇಡ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಆ ಗಾಳಿಗೆ ಕವರ್ ಪಟಪಟ ಬಡಿದು, ಅದರಡಿ ಸೇರಿದ ಧೂಳು ಬಾನೆಟ್ಟಿನ ಅಂಚನ್ನು ದಿನವಿಡೀ ಉಜ್ಜುತ್ತದೆ. ಶೆಡ್ಡಿನೊಳಗೆ, ತೊಳೆದ ಕಾರಿಗೆ ಹಾಕುವುದಾದರೆ ಸರಿ.

ಇನ್ನು ಜೀವಕ್ಕೆ ಸಂಬಂಧಪಟ್ಟವು. ಇವುಗಳನ್ನು ಪುಕ್ಕಟೆ ಕೊಟ್ಟರೂ ಹಾಕಿಸಬೇಡಿ.

ಬಂಪರ್ ಗಾರ್ಡ್ ಮೊದಲನೆಯದು. ಗುದ್ದಿದಾಗ ಬಾನೆಟ್ಟಿನ ಭಾಗ ಮಡಚಿಕೊಳ್ಳುವಂತೆ ಕಾರನ್ನು ವಿನ್ಯಾಸ ಮಾಡಿರುತ್ತಾರೆ, ಆ ಮಡಿಕೆಯೇ ಪೆಟ್ಟನ್ನು ನುಂಗುವುದು. ಚಾಸಿಗೆ ಬೋಲ್ಟ್ ಮಾಡಿದ ಕಬ್ಬಿಣದ ಕೊಳವೆ ಪೆಟ್ಟನ್ನು ನೇರ ಒಳಗೆ ಸಾಗಿಸುತ್ತದೆ. ಏರ್‌ಬ್ಯಾಗ್ ಸೆನ್ಸರಿನ ಲೆಕ್ಕವೂ ತಪ್ಪುತ್ತದೆ. ಎದುರಿಗೆ ಬಂದ ಪಾದಚಾರಿಗಂತೂ ಇದು ಸಾವಿನ ಕಂಬಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ಇದು ವಿರುದ್ಧ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಆದರೂ ಮಾರುತ್ತಲೇ ಇದ್ದಾರೆ.

ಸೀಟ್ ಕವರ್ ವಿಷಯದಲ್ಲಿ ಒಂದೇ ಪ್ರಶ್ನೆ: ಸೀಟಿನ ಹೊರಬದಿಯ ಹೊಲಿಗೆಯಲ್ಲಿ ‘ಏರ್‌ಬ್ಯಾಗ್’ ಎಂಬ ಸಣ್ಣ ಪಟ್ಟಿ ಇದೆಯೇ? ಇದ್ದರೆ ಪಕ್ಕದ ಏರ್‌ಬ್ಯಾಗ್ ಆ ಹೊಲಿಗೆ ಹರಿದುಕೊಂಡೇ ಹೊರಬರಬೇಕು. ಮೇಲೊಂದು ದಪ್ಪ ರೆಕ್ಸಿನ್ ಬಿಗಿದರೆ ತಡವಾಗುತ್ತದೆ, ಇಲ್ಲವೇ ತಪ್ಪು ದಿಕ್ಕಿಗೆ ಅರಳುತ್ತದೆ. ಆ ಜಾಗ ತೆರೆದಿರುವ, ಕಂಪನಿಯೇ ಆ ಮಾಡೆಲ್ಲಿಗೆ ಕೊಡುವ ಕವರ್ ಬಿಟ್ಟು ಬೇರೆ ಬೇಡ. ಎಡಗಡೆ ಡ್ಯಾಶ್‌ಬೋರ್ಡ್ ಮೇಲೆ ‘ಎಸ್‌ಆರ್‌ಎಸ್’ ಎಂದು ಅಚ್ಚಾದ ಜಾಗವೂ ಹಾಗೆಯೇ, ಅದರಡಿಯೂ ಏರ್‌ಬ್ಯಾಗ್ ಇದೆ. ಅಲ್ಲಿ ದೇವರ ಮೂರ್ತಿ ಅಂಟಿಸಬೇಡಿ. ಆ ಮುಚ್ಚಳ ಕಣ್ಣು ಮಿಟುಕಿಸುವುದರೊಳಗೆ ಸಿಡಿದು ತೆರೆಯುತ್ತದೆ, ಮೇಲಿರುವ ಕಲ್ಲಿನ ಗಣಪ ನೇರ ಮುಂದಿನ ಸೀಟಿನವರ ಮುಖಕ್ಕೆ ಬರುತ್ತಾನೆ. ದೇವರ ಫೋಟೊ ನಡುವಿನಲ್ಲಿ, ಹಗುರವಾದದ್ದು, ಚಪ್ಪಟೆಯದ್ದು ಇರಲಿ. ಬೆಲ್ಟ್ ಹಾಕದೆ ಬೀಪ್ ನಿಲ್ಲಿಸುವ ಕ್ಲಿಪ್ಪನ್ನು ಆನ್‌ಲೈನ್ ಅಂಗಡಿಗಳಿಂದ ತೆಗೆಯುವಂತೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರಲ್ಲಿ ಐದು ಕಂಪನಿಗಳಿಗೆ ಆದೇಶ ಕೊಟ್ಟಿತು. ಆ ಕ್ಲಿಪ್ಪಿನ ಬಗ್ಗೆ ಇನ್ನೇನೂ ಹೇಳಬೇಕಿಲ್ಲ.

ಕಾರಿನ ನೆಲವನ್ನೆಲ್ಲ ಮುಚ್ಚುವ ದಪ್ಪ 7ಡಿ ಮ್ಯಾಟ್ ನೋಡಲು ಶ್ರೀಮಂತವಾಗಿರುತ್ತದೆ. ತೊಂದರೆ ಎರಡು. ಅದರಡಿ ನೀರು ಹೋದರೆ ಒಣಗುವುದಿಲ್ಲ, ಮಳೆಗಾಲ ಮುಗಿಯುವ ಹೊತ್ತಿಗೆ ಮುಗ್ಗಲು ವಾಸನೆ. ಎರಡನೆಯದು ದೊಡ್ಡದು: ಚಾಲಕನ ಕಡೆ ಮ್ಯಾಟ್ ಮೇಲೆ ಮ್ಯಾಟ್ ಹಾಕಿದಾಗ ಮೇಲಿನದು ಮುಂದೆ ಜಾರಿ ಆಕ್ಸಿಲರೇಟರ್ ಪೆಡಲನ್ನು ಒತ್ತಿ ಹಿಡಿಯಬಹುದು. 2009ರಲ್ಲಿ ಟೊಯೋಟಾ ಅಮೆರಿಕದಲ್ಲಿ ಸುಮಾರು 38 ಲಕ್ಷ ಕಾರುಗಳನ್ನು ವಾಪಸ್ ಕರೆದದ್ದು ಈ ಮ್ಯಾಟ್ ಕಾರಣಕ್ಕೇ. ಯಾವ ಮ್ಯಾಟ್ ಆದರೂ ನೆಲದ ಕೊಕ್ಕೆಗೆ ಸಿಗಬೇಕು, ಪೆಡಲ್ ಪೂರ್ತಿ ಒತ್ತಿದಾಗ ತಾಗಬಾರದು.

ಬಣ್ಣದ ಲೈಟುಗಳ ಬೆಲೆ ಲೈಟಿನಲ್ಲಿಲ್ಲ, ವೈರಿಂಗಿನಲ್ಲಿದೆ. ಬಾಗಿಲು ತೆರೆದಾಗ ನೆಲಕ್ಕೆ ಲಾಂಛನ ಬೀಳಿಸುವ ಲ್ಯಾಂಪ್ ಹಾಕಲು ಬಾಗಿಲಿನ ವೈರಿನ ಸಿಪ್ಪೆ ಸುಲಿದು, ಇನ್ನೊಂದು ವೈರ್ ಸುತ್ತಿ, ಟೇಪ್ ಹಚ್ಚುತ್ತಾರೆ. ಏಪ್ರಿಲ್ ಬಿಸಿಲಿಗೆ ಟೇಪಿನ ಅಂಟು ಕರಗಿ ಜಾರುತ್ತದೆ. ಬೆತ್ತಲಾದ ತಾಮ್ರಕ್ಕೆ ಮಳೆ ನೀರು ಬಿದ್ದು ಹಸಿರು ಕಿಲುಬು ಹಿಡಿಯುತ್ತದೆ. ಮೊದಲು ಸೆಂಟ್ರಲ್ ಲಾಕ್ ಕೈಕೊಡುತ್ತದೆ, ಆಮೇಲೆ ಫ್ಯೂಸ್ ಹಾರುತ್ತದೆ. ವೈರ್ ಕತ್ತರಿಸಿದ್ದು ಕಂಡರೆ ಆ ಭಾಗದ ವಾರಂಟಿ ಕೊಡಲು ಕಂಪನಿ ಒಪ್ಪುವುದಿಲ್ಲ. ಯಾವ ವಿದ್ಯುತ್ ಸಾಮಾನಿಗೂ ಒಂದೇ ನಿಯಮ ಇಟ್ಟುಕೊಳ್ಳಿ: ಕಾರಿನಲ್ಲೇ ಇರುವ ಕಪ್ಲರಿಗೆ, ಅಂದರೆ ವೈರ್ ಜೋಡಿಸುವ ಸಾಕೆಟ್ಟಿಗೆ, ಸಿಕ್ಕಿಸುವಂತಿದ್ದು, ಅದರದ್ದೇ ಫ್ಯೂಸ್ ಇದ್ದರೆ ಸರಿ, ಬ್ಲೇಡ್ ಕೈಗೆ ತಗೊಂಡರೆ ಬೇಡ.

ಹೆಡ್‌ಲೈಟಿಗೂ ಇದೇ ಮಾತು. ಎಚ್4 ಹ್ಯಾಲೊಜನ್ ಬಲ್ಬ್ 60/55 ವ್ಯಾಟಿನದು, ಹೈ ಬೀಮಿಗೆ 60, ಲೋ ಬೀಮಿಗೆ 55. 100/90 ಹಾಕಿದರೆ ಹೋಲ್ಡರ್ ಕರಗುತ್ತದೆ. ಹ್ಯಾಲೊಜನ್ ಬಟ್ಟಲಿನಲ್ಲಿ ಎಲ್‌ಇಡಿ ಬಲ್ಬ್ ಹಾಕಿದರೆ ಬೆಳಕಿನ ಮೂಲ ಫಿಲಮೆಂಟಿನ ಜಾಗದಲ್ಲಿ ಇರುವುದಿಲ್ಲವಾದ್ದರಿಂದ ಬೆಳಕು ರಸ್ತೆ ಬಿಟ್ಟು ಎದುರಿನವರ ಕಣ್ಣಿಗೆ ಬೀಳುತ್ತದೆ. ರಾತ್ರಿ ಜಗಳೂರು ರಸ್ತೆಯಲ್ಲಿ ಎದುರಿನವನು ಕುರುಡಾದರೆ ಅಪಾಯ ನಿಮಗೂ ಹೌದು.

ಮೈಲೇಜ್ ಪ್ಲಗ್ ಶುದ್ಧ ಮೋಸ. ಇಂಥವನ್ನು ಬಿಚ್ಚಿ ನೋಡಿದವರಿಗೆ ಒಳಗೆ ಸಿಕ್ಕಿದ್ದು ಎಲ್‌ಇಡಿ ಮಿನುಗಿಸುವ ಸಣ್ಣ ಚಿಪ್ ಮಾತ್ರ. ಒಂದು ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಎಂಬ ಲೆಕ್ಕವನ್ನು ಎಂಜಿನ್ ಕಂಪ್ಯೂಟರ್ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಕ್ಷಣಕ್ಷಣಕ್ಕೂ ತಾನೇ ಸರಿಮಾಡುತ್ತಿರುತ್ತದೆ, ಪ್ಲಗ್ಗಿಗೆ ಅಲ್ಲಿ ಮಾಡಲು ಕೆಲಸವೇ ಇಲ್ಲ. ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತವೂ ಅಷ್ಟೇ. ಯುಎಸ್‌ಬಿಗೆ ಸಿಕ್ಕಿಸುವ ‘ಮಿನಿ ಎಸಿ’ಯದು ಐದು ಹತ್ತು ವ್ಯಾಟಿನ ಫ್ಯಾನ್. ನಡುಮಧ್ಯಾಹ್ನ ಗಾಜಿನಿಂದ ಒಳಬರುವ ಬಿಸಿಲು ಹತ್ತಿರ ಹತ್ತಿರ ಸಾವಿರ ವ್ಯಾಟ್.

ಏರ್ ಪ್ಯೂರಿಫೈಯರ್ ಬದಲು ಕಾರಿನ ಕ್ಯಾಬಿನ್ ಫಿಲ್ಟರ್ ನೋಡಿ. ಬೆಲೆ ಸುಮಾರು 300ರಿಂದ 600 ರೂಪಾಯಿ. ಹೆಚ್ಚಿನ ಕಾರುಗಳಲ್ಲಿ ಗ್ಲವ್ ಬಾಕ್ಸಿನ ಹಿಂದೆ ಇರುತ್ತದೆ. ಬಾಕ್ಸ್ ಖಾಲಿ ಮಾಡಿ, ಬಲಗಡೆಯೋ ಎಡಗಡೆಯೋ ಇರುವ ಹಗ್ಗದ ಕೊಕ್ಕೆ ಬಿಡಿಸಿ, ಎರಡೂ ಬದಿ ಒಳಕ್ಕೆ ಒತ್ತಿದರೆ ಬಾಕ್ಸ್ ಕೆಳಗೆ ಇಳಿಯುತ್ತದೆ. ಹಿಂದೆ ಉದ್ದನೆಯ ಪ್ಲಾಸ್ಟಿಕ್ ಮುಚ್ಚಳ, ಎರಡು ಕ್ಲಿಪ್. ಹಳೇ ಫಿಲ್ಟರನ್ನು ಅಲುಗಾಡಿಸದೆ ಎಳೆಯಿರಿ, ಇಲ್ಲದಿದ್ದರೆ ಧೂಳೆಲ್ಲ ಬ್ಲೋವರ್ ಒಳಗೆ ಬೀಳುತ್ತದೆ. ಹೊಸದರ ಅಂಚಿನ ಬಾಣದ ಗುರುತು ಹಳೆಯದರ ದಿಕ್ಕಿಗೇ ಇರಲಿ. ಹತ್ತು ನಿಮಿಷದ ಕೆಲಸ. ಹೊಲದ ದಾರಿಯ ಧೂಳಿಗೆ 10,000 ಕಿ.ಮೀ.ಗೆ ಒಮ್ಮೆ ಬದಲಿಸಿ, ನಡುವೆ ಒಮ್ಮೆ ಬಿಚ್ಚಿ ನೋಡಿ. ಕೆಲವು ಬೇಸ್ ಮಾಡೆಲ್ಲುಗಳಲ್ಲಿ ಜಾಗ ಮಾತ್ರ ಇದ್ದು ಫಿಲ್ಟರ್ ಇಲ್ಲದಿರುವುದೂ ಉಂಟು, ಡೆಲಿವರಿ ದಿನವೇ ಕೇಳಿ.

ಪರ್ಫ್ಯೂಮ್ ಬಾಟಲಿಯೂ ಬೇಡ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ಮುಟ್ಟುತ್ತದೆ. ಸೋರಿದ ಒಂದು ಹನಿ ಎಣ್ಣೆ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿ, ಅಳಿಸಲಾಗದ ಬಿಳಿ ಕಲೆ ಬಿಡುತ್ತದೆ.

ಉಳಿಸಿದ ದುಡ್ಡಿನಲ್ಲಿ ಮೂರು ಸಾಮಾನು ತಗೊಳ್ಳಿ. ಮುಂದಿನ ಗಾಜಿಗೆ ಒಳಗಿನಿಂದ ಹಾಕುವ ಬೆಳ್ಳಿ ಬಣ್ಣದ ಮಡಚುವ ಪರದೆ, ನಿಲ್ಲಿಸಿದಾಗ ಮಾತ್ರ. 12 ವೋಲ್ಟಿನ ಟಯರ್ ಪಂಪ್, 120ರಿಂದ 150 ವ್ಯಾಟಿನದು. ಎಂಜಿನ್ ಚಾಲೂ ಇಟ್ಟು ಬಳಸಿ, ಹತ್ತು ನಿಮಿಷಕ್ಕೊಮ್ಮೆ ತಣಿಯಲು ಬಿಡಿ. ಗಾಳಿ ನೋಡುವುದು ಬೆಳಗ್ಗೆ, ಟಯರ್ ತಣ್ಣಗಿರುವಾಗ. ಎಷ್ಟಿರಬೇಕೆಂಬುದು ಚಾಲಕನ ಬಾಗಿಲ ಕಂಬದ ಸ್ಟಿಕ್ಕರಿನಲ್ಲಿದೆ. ಮೈಲೇಜ್ ಏನಾದರೂ ಹೆಚ್ಚುವುದಿದ್ದರೆ ಇದರಿಂದಲೇ. ಮೂರನೆಯದು ಡ್ಯಾಶ್‌ಕ್ಯಾಮ್, ಒಳಗೆ ಬ್ಯಾಟರಿ ಬದಲು ಕೆಪಾಸಿಟರ್ ಇರುವುದನ್ನೇ ಕೇಳಿ, ಬಿಸಿಗೆ ಲಿಥಿಯಂ ಬ್ಯಾಟರಿ ಉಬ್ಬುತ್ತದೆ. ಕಾರು ನಿಂತಾಗಲೂ ಚಿತ್ರೀಕರಿಸುವ ಪಾರ್ಕಿಂಗ್ ಮೋಡ್ ಆಫ್ ಇಡಿ: ಬಿಡದೆ 300 ಮಿಲಿಆಂಪ್ ಎಳೆದರೂ 35 ಆಂಪ್-ಅವರ್ ಬ್ಯಾಟರಿ ಎರಡೂವರೆ ದಿನಕ್ಕೆ ಅರ್ಧ ಇಳಿದಿರುತ್ತದೆ.

ಏನೇ ಹಾಕಿಸಿದರೂ ಬಿಲ್ ಬೇರೆ ತಗೊಂಡು ವಿಮೆಯಲ್ಲಿ ನಮೂದಿಸಿ. ಫ್ಯಾಕ್ಟರಿಯಿಂದ ಬಾರದ ವಿದ್ಯುತ್ ಸಾಮಾನಿಗೆ ಸಾಮಾನ್ಯವಾಗಿ ಅದರ ಬೆಲೆಯ ಶೇ. 4ರಷ್ಟು ಹೆಚ್ಚುವರಿ ಪ್ರೀಮಿಯಂ ಬೀಳುತ್ತದೆ; ನಮೂದಿಸದಿದ್ದರೆ ಅಪಘಾತವಾದಾಗ ಅದಕ್ಕೆ ಒಂದು ರೂಪಾಯಿಯೂ ಬರುವುದಿಲ್ಲ. ಮತ್ತೊಂದು: ನಿಮ್ಮ ಕಾರು ಯಾರ್ಡಿನಿಂದ ಬಂದ ದಿನವೇ, ನೀವು ಒಪ್ಪಿದ್ದು ಬಿಟ್ಟು ಬೇರೇನೂ ಹಾಕಬಾರದೆಂದು ಬುಕಿಂಗ್ ಫಾರಂ ಮೇಲೆ ಬರೆಸಿ ಸಹಿ ತಗೊಳ್ಳಿ. ಕ್ರೋಮ್ ಪಟ್ಟಿಗಳನ್ನು ಡೆಲಿವರಿಗೆ ಮೊದಲೇ ಅಂಟಿಸಿಬಿಟ್ಟಿರುತ್ತಾರೆ, ಆಮೇಲೆ ಕಿತ್ತರೆ ಪೇಂಟ್ ಕೂಡ ಎದ್ದು ಬರಬಹುದು.