ಪದ ಪರಿಚಯ: ಇಲ್ಲವಾಗಿಸುವಿಕೆ
ಮೂಡಿಗೆರೆಯ ಮನೆಯಿಂದ ಯಾರಾದರೂ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೊರಟಾಗ ಇನ್ನೊಬ್ಬರ ಬಾಯಿಂದ ಕೆಟ್ಟ ಮಾತೊಂದು ಜಾರಿದರೆ, ಹಿರಿಯರು ತಕ್ಷಣ ‘ಬಿಡ್ತು ಅನ್ನು’ ಎನ್ನುತ್ತಾರೆ. ಆಡಿದವರು ‘ಬಿಡ್ತು’ ಎಂದರೆ ಆಡಿದ್ದು ಆಡದಂತಾಯಿತು. ಬಸ್ಸು ಹೊರಡುತ್ತದೆ, ಮನೆಯವರು ತಮ್ಮ ಕೆಲಸಕ್ಕೆ ಮರಳುತ್ತಾರೆ. ಮಾತಿನ ಮೂಲಕ ಮನಸ್ಸಿನ ಅರಿವಿಗೆ ಬಾರದ ಪದರಗಳನ್ನು ಹುಡುಕುವ ಮನೋವಿಶ್ಲೇಷಣೆಯಲ್ಲಿ ಇಲ್ಲವಾಗಿಸುವಿಕೆ ಅಥವಾ ‘ಅನ್‌ಡೂಯಿಂಗ್’ ಎನ್ನುವುದು ಇದೇ ಜಾತಿಯ ಕ್ರಿಯೆ. ಆದರೆ ಬೇಡದ ಯೋಚನೆ ಮತ್ತೆ ಮತ್ತೆ ನುಗ್ಗಿ, ಅದನ್ನು ತಣಿಸಲು ಒಂದೇ ಕ್ರಿಯೆಯನ್ನು ಪದೇ ಪದೇ ಮಾಡಿಸುವ ಗೀಳು ಕಾಯಿಲೆಯಲ್ಲಿ (ಒಸಿಡಿ) ಒಂದು ‘ಬಿಡ್ತು’ ಸಾಲುವುದಿಲ್ಲ. ನೂರು ಸಲ ಹೇಳಿದರೂ ಸರಿಯಾಗಿ ಹೇಳಿದೆನೇ ಎಂಬ ಸಂಶಯ ಉಳಿದು, ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ 1909ರಲ್ಲಿ ಪ್ರಕಟಿಸಿದ, ‘ಇಲಿ ಮನುಷ್ಯ’ನೆಂದು ಹೆಸರಾದ ರೋಗಿಯ ವೃತ್ತಾಂತದಲ್ಲಿ ಇದಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆಯಿದೆ. ತಾನು ಪ್ರೀತಿಸುವ ಹೆಣ್ಣಿನ ಗಾಡಿ ಬರಲಿದ್ದ ದಾರಿಯಲ್ಲಿ ಕಾಲಿಗೆ ತಾಗಿದ ಕಲ್ಲನ್ನು, ಗಾಡಿಗೆ ಅಪಾಯವಾದೀತೆಂದು ಆ ಯುವಕ ಬದಿಗೆ ಸರಿಸಿದ. ಸ್ವಲ್ಪ ಹೊತ್ತಿಗೆ ಅದು ಅರ್ಥವಿಲ್ಲದ ಕೆಲಸವೆನಿಸಿ, ಹಿಂತಿರುಗಿ ಹೋಗಿ ಕಲ್ಲನ್ನು ಮೊದಲಿನ ಜಾಗದಲ್ಲೇ ಇಟ್ಟ. ಎರಡನೆಯದನ್ನು ಬರೀ ವಿವೇಕ ಮರಳಿದ್ದರ ಗುರುತೆಂದು ಫ್ರಾಯ್ಡ್ ಒಪ್ಪಲಿಲ್ಲ: ಸರಿಸಿದ್ದರಲ್ಲಿ ಪ್ರೀತಿಯಿದ್ದರೆ ಮರಳಿ ಇಟ್ಟದ್ದರಲ್ಲಿ, ತನಗೇ ಗೊತ್ತಿಲ್ಲದ ದ್ವೇಷವಿತ್ತು ಎಂದರು. ನನಗೆ ಈ ವಿವರಣೆ ಇಂದಿಗೂ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಏಕೆಂದರೆ ಗೀಳಿನ ಯೋಚನೆ ಬಹಳ ಸಲ ಎರಗುವುದು ನಮಗೆ ಅತಿ ಪ್ರಿಯರಾದವರ ಮೇಲೆಯೇ.

ವಿವರಿಸುವುದು ಬೇರೆ, ಗುಣಪಡಿಸುವುದು ಬೇರೆ. 1918ರಲ್ಲಿ ಬುಡಾಪೆಸ್ಟಿನಲ್ಲಿ ಮಾತನಾಡುತ್ತ, ತೀವ್ರವಾದ ಗೀಳಿನಲ್ಲಿ ವಿಶ್ಲೇಷಕ ಸುಮ್ಮನೆ ಕಾದರೆ ಬಹಳಷ್ಟು ಬೆಳಕಿಗೆ ಬಂದರೂ ಏನೂ ಬದಲಾಗದಿರುವ ಅಪಾಯವಿದೆಯೆಂದು ಫ್ರಾಯ್ಡರೇ ಒಪ್ಪಿಕೊಂಡರು. ದಾರಿ ತೆರೆದದ್ದು ವಿಕ್ಟರ್ ಮೇಯರ್ 1966ರಲ್ಲಿ ವರದಿ ಮಾಡಿದ ವರ್ತನಾ ಚಿಕಿತ್ಸೆಯಿಂದ: ಭಯ ಹುಟ್ಟಿಸುವುದಕ್ಕೆ ರೋಗಿಯನ್ನು ಎದುರಾಗಿಸಿ, ಇಲ್ಲವಾಗಿಸುವ ಕ್ರಿಯೆಯನ್ನು ತಡೆಯುವುದು, ಅಂದರೆ ‘ಬಿಡ್ತು’ ಅನ್ನದೆ ಆ ಕಳವಳವನ್ನು ತಾಳಿಕೊಳ್ಳಲು ಕಲಿಸುವುದು. ಇಂದು ಇದೂ, ಮಿದುಳಿನ ಸೆರೊಟೊನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವ ಮಾತ್ರೆಗಳೂ ಮೊದಲ ಆಯ್ಕೆಯ ಚಿಕಿತ್ಸೆಗಳು. ಮನೋವಿಶ್ಲೇಷಣೆಯೊಂದರಿಂದಲೇ ಗೀಳು ಇಳಿಯುತ್ತದೆಂಬುದಕ್ಕೆ ಆಧಾರ ತೀರ ಕಡಿಮೆ.

ಈ ಪದ ಗೊತ್ತಿದ್ದರೆ ಮನೆಯವರಿಗೂ ಒಂದು ವಿಷಯ ಕಾಣುತ್ತದೆ. ‘ಅಮ್ಮ, ಅಪ್ಪನಿಗೆ ಏನೂ ಆಗಲ್ಲ ಅಲ್ವಾ?’ ಎಂದು ಮಗ ಹತ್ತನೆಯ ಸಲ ಕೇಳಿದಾಗ, ತಾಯಿ ಕರುಳಿನಿಂದ ‘ಏನೂ ಆಗಲ್ಲ ಹೋಗು ಮಗ’ ಎನ್ನುವ ಉತ್ತರವೂ ಆ ಕ್ರಿಯೆಯದೇ ಭಾಗವಾಗಿಬಿಟ್ಟಿರುತ್ತದೆ. ಅದನ್ನು ಒಮ್ಮೆಗೇ ನಿಲ್ಲಿಸಿ ಗದರಿಸುವ ಬದಲು, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಮುಂದೆ ಇಬ್ಬರೂ ಕುಳಿತು, ಎಷ್ಟೆಷ್ಟಾಗಿ ಕಡಿಮೆ ಮಾಡಬೇಕೆಂದು ಮಗನಿಗೆ ತಿಳಿದಿರುವಂತೆಯೇ ನಿಶ್ಚಯಿಸಿಕೊಳ್ಳಬೇಕು.